ಬಸ್ ಬೋರ್ಡ್, ಬಿಸ್ಕಿಟ್ ಪ್ಯಾಕೆಟ್, ಔಷಧ ಲೇಬಲ್: ಸಾಲಿಯಲ್ಲಿ ಇಂಗ್ಲಿಷ್ ಕಲಿಸೋಕೆ ಖರ್ಚಿಲ್ಲದ 10 ಉಪಾಯ

ವಿಜಯಪುರ: ಸರ್ಕಾರಿ ಕನ್ನಡ ಸಾಲಿಯ ಹುಡುಗ ಅಥವಾ ಹುಡುಗಿ ಹತ್ತನೇ ತರಗತಿ ಮುಗಿಸೋ ಹೊತ್ತಿಗೆ 10 ವರ್ಷ ಇಂಗ್ಲಿಷ್ ಓದಿರ್ತಾರೆ. ಪ್ರಶ್ನೆ–ಉತ್ತರ ಬಾಯಿಪಾಠ ಇರ್ತದೆ, ಪದ್ಯ ತಡವರಿಸದೆ ಹೇಳ್ತಾರೆ. ಆದ್ರೆ ದ್ರಾಕ್ಷಿ ತೋಟಕ್ಕೆ ತಂದ ಔಷಧದ ಡಬ್ಬಿ ತೋರಿಸಿ "ಇದರ ಮ್ಯಾಲೆ ಏನ್ ಬರದೈತಿ ಓದು" ಅಂದ್ರೆ ಸುಮ್ಮನಾಗ್ತಾರೆ. ಪಾಠದ ಇಂಗ್ಲಿಷ್ ಪಾಠದಲ್ಲೇ ಉಳಿದಿದೆ, ಡಬ್ಬಿ ತನಕ ಬಂದಿಲ್ಲ.

ಇದು ಬರೀ ಮಾರ್ಕ್ಸ್ ವಿಷಯ ಅಲ್ಲ. ಪಿಯು ವಿಜ್ಞಾನದ ಪಾಠ ಬಹುತೇಕ ಕಾಲೇಜುಗಳಲ್ಲಿ ಇಂಗ್ಲಿಷ್‌ನಲ್ಲೇ ನಡೀತದೆ. ಚೆನ್ನಾಗಿ ಓದೋ ಹುಡುಗಿ ಇಂಗ್ಲಿಷ್ ಭಯಕ್ಕೇ ಸೈನ್ಸ್ ಬಿಟ್ಟರೆ ಆಕೆಯ ಮುಂದಿನ ದಾರಿಯೇ ಬದಲಾಗ್ತದೆ. ಇನ್ನೊಂದು ಕಡೆ, ಸರ್ಕಾರಿ ಸಾಲಿಯಲ್ಲಿ ಇಂಗ್ಲಿಷ್ ಬರೋದಿಲ್ಲ ಅಂತ ಪಾಲಕರು ಸಾಲ ಮಾಡಿ ಫೀ ಕಟ್ಟೋದೂ ಇದೆ. ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಭಾಗದ ಮಾಸ್ತರರು, ಅಕ್ಕೋರು, ಪಾಲಕರು, ಅಂಗಡಿಯವರು ದುಡ್ಡು ಖರ್ಚಿಲ್ಲದೆ ಏನು ಮಾಡಬಹುದು ಅನ್ನೋದರ ಪೂರ್ತಿ ಮಾಹಿತಿ ಇಲ್ಲಿದೆ.

ಮೊದಲು ಹಿನ್ನೆಲೆ ತಿಳಿದಿರಲಿ

ಕರ್ನಾಟಕದ ಸರ್ಕಾರಿ ಸಾಲಿಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಶುರುವಾಗಿದ್ದು 2007-08ರಲ್ಲಿ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಸಾಲಿಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯೋ ತೀರ್ಮಾನ ಬಂತು. ಇವೆರಡೂ ಬೇರೆ ಬೇರೆ. ಮೊದಲನೆಯದು ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಯೋದು, ಎರಡನೆಯದು ಎಲ್ಲ ವಿಷಯವನ್ನೂ ಇಂಗ್ಲಿಷ್‌ನಲ್ಲಿ ಕಲಿಯೋದು. ತಾಲೂಕಿನ ಬಹುಪಾಲು ಹಳ್ಳಿ ಸಾಲಿಗಳಲ್ಲಿ ಇರೋದು ಮೊದಲನೆಯದೇ.

ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆ. ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20, ಒಟ್ಟು 100 ಅಂಕ. 80 ಅಂಕ ಬರವಣಿಗೆಗೇ ಇರೋದರಿಂದ ಮಾತಾಡೋದು, ಕೇಳಿ ತಿಳಿಯೋದು ಹಿಂದೆ ಬೀಳ್ತದೆ.

ನಮ್ಮ ಕ್ಲಾಸಲ್ಲಿ ಮನೆ ಭಾಷೆ ಒಂದೇ ಅಲ್ಲ

ವಿಜಯಪುರ ನಗರದ ಮಕ್ಕಳಲ್ಲಿ ಹಲವರ ಮನೆ ಮಾತು ಉರ್ದು. ತಿಕೋಟಾ ಕಡೆ ಮಹಾರಾಷ್ಟ್ರದ ಜತ್ತ ತಾಲೂಕು ಹತ್ತಿರ ಇರೋದರಿಂದ ಮರಾಠಿ ಕಿವಿಗೆ ಬೀಳ್ತದೆ. ತಾಂಡಾದ ಮಕ್ಕಳು ಮನೇಲಿ ಲಂಬಾಣಿ ಮಾತಾಡ್ತಾರೆ. ಅಂದ್ರೆ ಕೆಲವು ಮಕ್ಕಳಿಗೆ ಇಂಗ್ಲಿಷ್ ಎರಡನೆಯದಲ್ಲ, ಮೂರನೇ ಅಥವಾ ನಾಲ್ಕನೇ ಭಾಷೆ. ಇದನ್ನ ಕೊರತೆ ಅಂತ ನೋಡಬಾರದು. ಎಂಟು ವರ್ಷಕ್ಕೇ ಮೂರು ಭಾಷೆ ಸಂಭಾಳಿಸೋ ಮಗು ನಾಲ್ಕನೆಯದನ್ನೂ ಕಲೀತದೆ.

ಯಾವ ತೊಡಕು ಯಾಕೆ ಬರ್ತದೆ ಅಂತ ಗೊತ್ತಿದ್ರೆ ಕಲಿಸೋದು ಹಗುರ:

- ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರ್ತದೆ. "ನಾನು ಚಹಾ ಕುಡೀತೀನಿ" ಅನ್ನೋದನ್ನ ಮಗು "ಐ ಟೀ ಡ್ರಿಂಕ್" ಅಂತ ಜೋಡಿಸ್ತದೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದ ನಡುವೆ ಬರಬೇಕು.
- "ಎ, ಆ್ಯನ್, ದ" ಇವಕ್ಕೆ ಕನ್ನಡದಲ್ಲಿ ಸಮಾನ ಪದ ಇಲ್ಲ. ಹಾಗಾಗಿ ಮಕ್ಕಳು ಬಿಟ್ಟೇ ಬಿಡ್ತಾರೆ.
- ಕನ್ನಡ ಪದ ಸ್ವರದಲ್ಲಿ ಮುಗಿಯೋದು ರೂಢಿ. ಅದಕ್ಕೇ ಬುಕ್ ಹೋಗಿ ಬುಕ್ಕು, ಬಸ್ ಹೋಗಿ ಬಸ್ಸು ಆಗ್ತದೆ.
- "ಮೇಜಿನ ಮೇಲೆ" ಅಂತೀವಿ, "ಮೇಲೆ" ಹಿಂದೆ ಬರ್ತದೆ. ಇಂಗ್ಲಿಷ್‌ನಲ್ಲಿ "ಆನ್ ದ ಟೇಬಲ್", "ಆನ್" ಮುಂದೆ ಬರ್ತದೆ.
- ನೀನು, ನೀವು ಎರಡಕ್ಕೂ ಇಂಗ್ಲಿಷ್‌ನಲ್ಲಿ "ಯೂ" ಒಂದೇ. ಅಕ್ಕೋರಿಗೆ "ಯೂ" ಅನ್ನೋದು ಅಗೌರವ ಅಂತ ಎಷ್ಟೋ ಮಕ್ಕಳು ಬಾಯಿ ಬಿಡೋದಿಲ್ಲ. ಮೊದಲ ದಿನವೇ ಇದನ್ನ ಬಿಡಿಸಿ ಹೇಳಬೇಕು.

ಒಂದು ಲಾಭವೂ ಇದೆ. ಇಂಗ್ಲಿಷ್‌ನ "ಎಫ್" ಮತ್ತು "ಝಡ್" ಧ್ವನಿ ಉರ್ದು ಮಾತಾಡೋ ಮಕ್ಕಳಿಗೆ ಸಲೀಸು. ಆ ಧ್ವನಿ ಹೇಳಿಕೊಡೋ ಕೆಲಸ ಅವರಿಗೇ ಕೊಟ್ಟರೆ ಕ್ಲಾಸಲ್ಲಿ ಅವರಿಗೂ ಬೆಲೆ ಬರ್ತದೆ.

ಬೆಂಗಳೂರಿನಲ್ಲೇ ಆಗಿತ್ತು ಈ ಪ್ರಯೋಗ

ಇಂಗ್ಲಿಷ್ ಕಲಿಸೋ ವಿಧಾನ ಅಂದ್ರೆ ವಿದೇಶದಿಂದಲೇ ಬರಬೇಕು ಅನ್ನೋ ಭಾವನೆ ಇದೆ. ಆದ್ರೆ ಜಗತ್ತಿನ ಇಂಗ್ಲಿಷ್ ಶಿಕ್ಷಕರು ಇವತ್ತಿಗೂ ಓದೋ ಒಂದು ಪ್ರಯೋಗ ನಡೆದದ್ದು ನಮ್ಮ ಕಡೆಯೇ. ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸ್ ಸೇರಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಸಾಲಿಗಳಲ್ಲಿ ಇದು ನಡೀತು. "ಬೆಂಗಳೂರು ಪ್ರಾಜೆಕ್ಟ್" ಅಂತಲೇ ಹೆಸರಾಯಿತು. 1987ರಲ್ಲಿ ಪ್ರಭು ಇದರ ಬಗ್ಗೆ ಪುಸ್ತಕ ಬರೆದರು.

ಅದರ ತಿರುಳು ಸರಳ. ವ್ಯಾಕರಣದ ನಿಯಮ ಮೊದಲು ಹೇಳೋದಿಲ್ಲ. ಮಗುವಿಗೆ ಒಂದು ಲೆಕ್ಕ ಅಥವಾ ಸಮಸ್ಯೆ ಕೊಡೋದು: ರೈಲು ವೇಳಾಪಟ್ಟಿ, ನಕ್ಷೆ, ದೂರ, ಸಾಲಿ ಟೈಂಟೇಬಲ್. ಅದನ್ನ ಬಿಡಿಸೋಕೆ ಇಂಗ್ಲಿಷ್ ಓದಲೇಬೇಕು, ಕೇಳಲೇಬೇಕು. ಮನಸ್ಸು ಅರ್ಥದ ಮೇಲೆ ಇದ್ದಾಗ ಭಾಷೆ ತಾನಾಗಿ ಒಳಗೆ ಹೋಗ್ತದೆ ಅನ್ನೋದು ಅವರ ನಂಬಿಕೆ.

ನಡೆಸೋ ಕ್ರಮ ಎರಡು ಹಂತ. ಮೊದಲು ಒಂದು ಲೆಕ್ಕವನ್ನ ಮಾಸ್ತರರು ಇಡೀ ಕ್ಲಾಸಿನ ಜೊತೆ ಮಾತಾಡ್ತಾ ಬಿಡಿಸ್ತಾರೆ. ಆಮೇಲೆ ಅಂಥದ್ದೇ ಇನ್ನೊಂದನ್ನ ಮಕ್ಕಳು ತಾವೇ ಮಾಡ್ತಾರೆ. ಅಳತೆಗೋಲೂ ಇತ್ತು: ಕ್ಲಾಸಿನ ಅರ್ಧ ಮಕ್ಕಳು ಅರ್ಧ ಲೆಕ್ಕವನ್ನಾದರೂ ಸರಿ ಮಾಡಿದ್ರೆ ಲೆಕ್ಕ ಹದವಾಗಿದೆ ಅಂತ. ಎಲ್ಲರೂ ಮಾಡಿದ್ರೆ ಸುಲಭ ಆಯ್ತು, ಯಾರೂ ಮಾಡದಿದ್ರೆ ಕಷ್ಟ ಆಯ್ತು.

ನಾಳೆಯಿಂದಲೇ ಮಾಡಬಹುದಾದ 10 ಉಪಾಯ

1. ಮೊದಲು ಕಿವಿ, ಆಮೇಲೆ ಬಾಯಿ. 1ರಿಂದ 3ನೇ ತರಗತಿಗೆ ದಿನಾ 5 ನಿಮಿಷ ಅಪ್ಪಣೆ ಆಟ. "ಸ್ಟ್ಯಾಂಡ್ ಅಪ್, ಟಚ್ ದ ಡೋರ್, ಓಪನ್ ಯುವರ್ ಬ್ಯಾಗ್." ಅಕ್ಕೋರು ಹೇಳ್ತಾ ತಾವೂ ಮಾಡಬೇಕು. ಮೂರನೇ ದಿನ ತಾವು ಮಾಡದೆ ಬರೀ ಹೇಳಬೇಕು. ಮಕ್ಕಳು ಮಾತಾಡಲೇಬೇಕು ಅಂತಿಲ್ಲ, ಅರ್ಥ ಆಯ್ತೋ ಇಲ್ಲೋ ಕೈಕಾಲೇ ಹೇಳ್ತವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆ್ಯಶರ್ ಬೆಳೆಸಿದ ವಿಧಾನ ಇದು. ನಾಚಿಕೆ ಸ್ವಭಾವದ ಮಕ್ಕಳಿಗೆ ಬಹಳ ಉಪಯೋಗ.

2. ಎ, ಬಿ, ಸಿ, ಡಿ ಬದಲು ಆರು ಧ್ವನಿ. 26 ಅಕ್ಷರ ಕ್ರಮವಾಗಿ ಕಲಿಸಿದ್ರೆ ಮಗು ಪದ ಓದೋಕೆ ತಿಂಗಳುಗಟ್ಟಲೆ ಕಾಯಬೇಕು. ಎಸ್, ಎ, ಟಿ, ಪಿ, ಐ, ಎನ್, ಈ ಆರರ ಧ್ವನಿ ಮೊದಲು ಕಲಿಸಿದ್ರೆ ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್, ಆ್ಯಂಟ್ ಅಂತ ಓದೋಕೆ ಬರ್ತದೆ. ಅಕ್ಷರದ ಹೆಸರು ಬೇರೆ, ಧ್ವನಿ ಬೇರೆ ಅನ್ನೋದನ್ನ ಸ್ಪಷ್ಟ ಮಾಡಿ. ಕನ್ನಡದಲ್ಲಿ "ಕ" ಅಂದ್ರೆ ಅದರ ಹೆಸರೂ ಅದೇ, ಧ್ವನಿಯೂ ಅದೇ. ಇಂಗ್ಲಿಷ್‌ನಲ್ಲಿ ಹಾಗಿಲ್ಲ. "ಸಿ" ಅಕ್ಷರ ಕ್ಯಾಟ್‌ನಲ್ಲಿ ಒಂದು ಥರ, ಸಿಟಿಯಲ್ಲಿ ಇನ್ನೊಂದು ಥರ. ಮಕ್ಕಳಿಗೆ ಗೊಂದಲ ಆಗೋದೇ ಇಲ್ಲಿ.

3. ಖಾಲಿ ಪ್ಯಾಕೆಟ್ ಪಾಠ. ಬಿಸ್ಕಿಟ್, ಚಹಾಪುಡಿ, ಸೋಪಿನ ಖಾಲಿ ಪ್ಯಾಕೆಟ್ ತರಿಸಿ. ಪ್ಯಾಕ್ ಮಾಡಿ ಮಾರೋ ಸಾಮಾನಿನ ಮೇಲೆ ಬೆಲೆ, ತೂಕ, ತಯಾರಾದ ತಿಂಗಳು ಇರಲೇಬೇಕು ಅನ್ನೋ ನಿಯಮ ಇದೆ. ಪ್ರಶ್ನೆ: ಎಂಆರ್‌ಪಿ ಎಷ್ಟು? ನೆಟ್ ಕ್ವಾಂಟಿಟಿ ಎಷ್ಟು? "ಬೆಸ್ಟ್ ಬಿಫೋರ್ ಸಿಕ್ಸ್ ಮಂತ್ಸ್" ಅಂತಿದ್ರೆ ಇವತ್ತು ತಿನ್ನಬಹುದಾ? ಕೊನೆಯ ಪ್ರಶ್ನೆಗೆ ಓದೋದೂ ಬೇಕು, ಲೆಕ್ಕವೂ ಬೇಕು. ಬೆಂಗಳೂರು ಪ್ರಾಜೆಕ್ಟಿನ ರೀತಿಯ ಲೆಕ್ಕ ಅಂದ್ರೆ ಇಂಥದ್ದೇ.

4. ಬಸ್ ವೇಳಾಪಟ್ಟಿ ಲೆಕ್ಕ. ವಿಜಯಪುರ–ತಿಕೋಟಾ–ಅಥಣಿ, ವಿಜಯಪುರ–ಬಬಲೇಶ್ವರ–ಜಮಖಂಡಿ ದಾರಿಯ ಬಸ್ ಸಮಯವನ್ನ ಮಕ್ಕಳೇ ನಿಲ್ದಾಣದಲ್ಲಿ ಬರಕೊಂಡು ಬರಲಿ. ಬೋರ್ಡ್ ಮೇಲೆ ಇಂಗ್ಲಿಷ್‌ನಲ್ಲಿ ಪಟ್ಟಿ ಬರೆದು ಕೇಳಿ: "ವಿಚ್ ಬಸ್ ಲೀವ್ಸ್ ಫಸ್ಟ್? ಐ ಮಸ್ಟ್ ರೀಚ್ ಬೈ ಟೆನ್. ವಿಚ್ ಬಸ್ ಶುಡ್ ಐ ಟೇಕ್?" ಉತ್ತರ ಒಂದೇ ಪದದಲ್ಲಿ ಬಂದ್ರೂ ಸಾಕು. 6ನೇ ತರಗತಿ ಮೇಲಿನವರು ಯಾಕೆ ಆ ಬಸ್ಸೇ ಅಂತ ಒಂದು ವಾಕ್ಯದಲ್ಲಿ ಹೇಳಲಿ. ರೈಲು ಬೇಕಾದ್ರೆ ಮೈಸೂರು–ಪಂಢರಪುರ ಗೋಲಗುಂಬಜ್ ಎಕ್ಸ್‌ಪ್ರೆಸ್‌ನ ಸಮಯ ತಗೊಳ್ಳಿ.

5. ಔಷಧ ಲೇಬಲ್ ಪಾಠ (8ರಿಂದ 10ನೇ ತರಗತಿ). ದ್ರಾಕ್ಷಿ, ದಾಳಿಂಬೆ ಬೆಳೆಯೋ ಊರಲ್ಲಿ ಇದಕ್ಕಿಂತ ಮುಖ್ಯ ಪಾಠ ಇಲ್ಲ. ಕೀಟನಾಶಕದ ಡಬ್ಬಿ ಮೇಲೆ ತ್ರಿಕೋನ ಬಣ್ಣ ಇರ್ತದೆ. ಕೆಂಪು ಅಂದ್ರೆ ಅತಿ ಹೆಚ್ಚು ವಿಷ. ತಲೆಬುರುಡೆ ಚಿತ್ರದ ಜೊತೆ "ಪಾಯ್ಸನ್" ಅಂತ ಇರ್ತದೆ. ಹಳದಿಗೂ "ಪಾಯ್ಸನ್". ನೀಲಿಗೆ "ಡೇಂಜರ್". ಹಸಿರಿಗೆ "ಕಾಷನ್", ಅಂದ್ರೆ ಎಚ್ಚರಿಕೆ. ಹಸಿರು ಅಂದ್ರೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ, ಕಡಿಮೆ ವಿಷ ಅಂತ ಅಷ್ಟೇ. ಈ ಮೂರು ಪದ, ನಾಲ್ಕು ಬಣ್ಣ ಜೋಡಿಸೋ ಆಟ ಆಡಿಸಿ. ನಂತರ "ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್" ಥರದ ಸಾಲು ಓದಿಸಿ. ಗಮನಿಸಿ: ಖಾಲಿ ಡಬ್ಬಿಯನ್ನೂ ಸಾಲಿಗೆ ತರಿಸಬೇಡಿ. ಮೊಬೈಲಲ್ಲಿ ಫೋಟೋ ತೆಗೆದು ಪ್ರಿಂಟ್ ಹಾಕಿಸಿ, ಇಲ್ಲಾ ಬೋರ್ಡ್ ಮೇಲೆ ಬರೀರಿ.

6. ಚೂರು ಜೋಡಿಸೋ ಓದು. ನಾಲ್ಕು ಚೀಟಿ ಮಾಡಿ. ಒಂದರಲ್ಲಿ ಗೋಲಗುಂಬಜ್: ಮುಹಮ್ಮದ್ ಆದಿಲ್ ಶಾಹನ ಗೋರಿ, 1656ರಲ್ಲಿ ಮುಗೀತು, ಗುಮ್ಮಟದ ಅಗಲ ಸುಮಾರು 44 ಮೀಟರ್. ಇನ್ನೊಂದರಲ್ಲಿ ಇಬ್ರಾಹಿಂ ರೋಜಾ: ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ. ಮತ್ತೊಂದರಲ್ಲಿ ಮಲಿಕ್-ಎ-ಮೈದಾನ್ ತೋಪು: ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ನಾಲ್ಕನೆಯದರಲ್ಲಿ ಬಾರಾ ಕಮಾನ್: ಎರಡನೇ ಅಲಿ ಆದಿಲ್ ಶಾಹನದ್ದು, ಅರ್ಧಕ್ಕೇ ನಿಂತದ್ದು. ಎಲ್ಲಾ ಸರಳ ಇಂಗ್ಲಿಷ್‌ನಲ್ಲಿ, ಒಂದೊಂದು ಚೀಟಿಗೆ ಮೂರೇ ವಾಕ್ಯ. ಗುಂಪಿನ ನಾಲ್ವರಿಗೆ ಒಂದೊಂದು ಚೀಟಿ. ಬೇರೆಯವರ ಚೀಟಿ ನೋಡೋ ಹಾಗಿಲ್ಲ, ಕೇಳಿಯೇ ಪಟ್ಟಿ ತುಂಬಬೇಕು. ಒಬ್ಬ ಸುಮ್ಮನಿದ್ರೆ ಉಳಿದವರ ಪಟ್ಟಿ ತುಂಬೋದಿಲ್ಲ, ಹಾಗಾಗಿ ಎಲ್ಲರೂ ಮಾತಾಡ್ತಾರೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಎಲಿಯಟ್ ಆರನ್ಸನ್ ಶುರು ಮಾಡಿದ ಜಿಗ್‌ಸಾ ವಿಧಾನ ಇದು.

7. ಓಡೋ ಉಕ್ತಲೇಖನ. ನಾಲ್ಕು ವಾಕ್ಯ ಬರೆದ ಹಾಳೆಯನ್ನ ವರಾಂಡದ ಗೋಡೆಗೆ ಅಂಟಿಸಿ. ಜೋಡಿಯಲ್ಲಿ ಒಬ್ಬ ಹೋಗಿ ಓದಿ, ನೆನಪಿಟ್ಟು ಬಂದು ಹೇಳಬೇಕು, ಇನ್ನೊಬ್ಬ ಬರೀಬೇಕು. ಅರ್ಧಕ್ಕೆ ಕೆಲಸ ಅದಲು ಬದಲು. ಓದೋದು, ನೆನಪಿಡೋದು, ಹೇಳೋದು, ಬರೆಯೋದು ನಾಲ್ಕೂ ಒಂದೇ ಆಟದಲ್ಲಿ ಆಗ್ತದೆ. 50 ಮಕ್ಕಳಿರೋ ಕ್ಲಾಸಲ್ಲಿ ಒಂದೇ ಹಾಳೆ ಸಾಲದು, ನಾಲ್ಕು ಕಡೆ ಅಂಟಿಸಿದ್ರೆ ಗದ್ದಲ ಕಡಿಮೆ.

8. ಕ್ಲಾಸಿನೊಳಗೆ ಕಿರಾಣಿ ಅಂಗಡಿ. ಬೆಂಚೇ ಕೌಂಟರ್. ಕಲ್ಲೇ ಸಾಮಾನು. "ಹೌ ಮಚ್ ಈಸ್ ದಿಸ್?", "ಗಿವ್ ಮಿ ಟು ಕೇಜೀಸ್", "ಡು ಯೂ ಹ್ಯಾವ್ ಚೇಂಜ್?" ಈ ಮೂರು ವಾಕ್ಯದಿಂದ ಶುರು. ವಾರಕ್ಕೆ ಎರಡು ಹೊಸ ವಾಕ್ಯ ಸೇರಿಸಿ. ಕೊನೆಗೆ ಇಂಗ್ಲಿಷ್‌ನಲ್ಲಿ ಬಿಲ್ ಬರೀಬೇಕು: ಐಟಂ, ರೇಟ್, ಕ್ವಾಂಟಿಟಿ, ಟೋಟಲ್. ಟೋಟಲ್ ತಪ್ಪಿದ್ರೆ ಗಿರಾಕಿ ಜಗಳ ಮಾಡಬೇಕು, ಅದೂ ಇಂಗ್ಲಿಷ್‌ನಲ್ಲೇ. ಮಕ್ಕಳು ನಗ್ತಾ ನಗ್ತಾ ಕಲೀತಾರೆ.

9. ವಾಕ್ಯದ ಸಾಲು. ಐದು ಮಕ್ಕಳಿಗೆ ಒಂದೊಂದು ಪದದ ಹಾಳೆ: ಮೈ, ಮದರ್, ಸೆಲ್ಸ್, ಫ್ರೆಶ್, ಗ್ರೇಪ್ಸ್. ಸರಿಯಾಗಿ ಸಾಲಲ್ಲಿ ನಿಲ್ಲಬೇಕು. ಆಮೇಲೆ ಅದೇ ವಾಕ್ಯ ಕನ್ನಡದಲ್ಲಿ ಬರೆದು ಇನ್ನೈದು ಮಕ್ಕಳನ್ನ ಎದುರಿಗೆ ನಿಲ್ಲಿಸಿ: ನನ್ನ, ಅವ್ವ, ತಾಜಾ, ದ್ರಾಕ್ಷಿ, ಮಾರ್ತಾಳೆ. "ಮಾರ್ತಾಳೆ" ಹಿಡಿದವ ಕೊನೆಗೆ, "ಸೆಲ್ಸ್" ಹಿಡಿದವ ನಡುವೆ ನಿಂತಿರೋದು ಮಕ್ಕಳಿಗೇ ಕಾಣ್ತದೆ. ಅರ್ಧ ಗಂಟೆ ಭಾಷಣ ಮಾಡಿದ್ರೂ ತಲೆಗೆ ಹೋಗದ ನಿಯಮ ಎರಡು ನಿಮಿಷದಲ್ಲಿ ಹೋಗ್ತದೆ.

10. ಹುಡುಗರು ಹೇಳ್ತಾರೆ, ಬೋರ್ಡ್ ಬರೀತದೆ. ಜಾತ್ರೆಗೆ ಹೋಗಿ ಬಂದ ಮಾರನೇ ದಿನ ಏನು ನೋಡಿದ್ರಿ ಅಂತ ಕೇಳಿ. ಕನ್ನಡ ಕಲಸಿ ಹೇಳಿದ್ರೂ ಸರಿ. ಮಾಸ್ತರರು ಅದನ್ನೇ ನಾಲ್ಕೈದು ಸರಳ ಇಂಗ್ಲಿಷ್ ವಾಕ್ಯ ಮಾಡಿ ಬೋರ್ಡ್ ಮೇಲೆ ಬರೀಲಿ. ಮಕ್ಕಳು ಓದಿ ನೋಟ್‌ಬುಕ್ಕಿಗೆ ಇಳಿಸಲಿ. ತಮ್ಮ ಮಾತೇ ಪಾಠ ಆಗಿರೋದರಿಂದ ಅರ್ಥ ಹೇಳೋ ಕೆಲಸವೇ ಇಲ್ಲ. ಸಿದ್ಧೇಶ್ವರ ಜಾತ್ರೆಯಿಂದ ಹಿಡಿದು ಊರ ಕಬಡ್ಡಿ ತನಕ ವಿಷಯಕ್ಕೆ ಬರ ಇಲ್ಲ.

40 ನಿಮಿಷದ ಪೀರಿಯಡ್ ಹೀಗೆ ಹಂಚಿ

- ಮೊದಲ 5 ನಿಮಿಷ: ಅಪ್ಪಣೆ ಆಟ ಅಥವಾ ನಿನ್ನೆಯ ಪದಗಳ ನೆನಪು
- ಮುಂದಿನ 10 ನಿಮಿಷ: ಒಂದು ಲೆಕ್ಕವನ್ನ ಇಡೀ ಕ್ಲಾಸಿನ ಜೊತೆ ಬಿಡಿಸೋದು
- ಮುಂದಿನ 15 ನಿಮಿಷ: ಅಂಥದ್ದೇ ಇನ್ನೊಂದನ್ನ ಮಕ್ಕಳೇ ಮಾಡೋದು
- ಮುಂದಿನ 7 ನಿಮಿಷ: ಪಠ್ಯಪುಸ್ತಕದಲ್ಲಿ ಅದೇ ಪದ, ಅದೇ ವಾಕ್ಯ ಎಲ್ಲಿದೆ ಅಂತ ಹುಡುಕೋದು
- ಕೊನೆಯ 3 ನಿಮಿಷ: ಪ್ರತಿ ಮಗು ಒಂದು ಇಂಗ್ಲಿಷ್ ವಾಕ್ಯ ಬರೆದು ಹೊರಗೆ ಹೋಗೋದು

ಸಿಲಬಸ್ ಮುಗಿಯೋದು ಹೆಂಗೆ ಅನ್ನೋ ಚಿಂತೆ ಸಹಜ. ವಾರದ ಎಲ್ಲಾ ಪೀರಿಯಡ್ ಹೀಗೇ ಮಾಡಬೇಕಂತಿಲ್ಲ. ಎರಡು ಪೀರಿಯಡ್ ಸಾಕು, ಉಳಿದದ್ದು ಪಠ್ಯಕ್ಕೆ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಇದ್ರೆ ಲೆಕ್ಕ ಒಂದೇ ಇರಲಿ, ಕೇಳೋ ಪ್ರಶ್ನೆ ಬೇರೆ ಇರಲಿ. ಸಣ್ಣವರು ಪ್ಯಾಕೆಟ್ ಮೇಲಿನ ಬೆಲೆ ಓದಲಿ, ದೊಡ್ಡವರು ತಾರೀಖು ಲೆಕ್ಕ ಹಾಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಕೆಲಸ ಮಾಡಿದ ಶಿಕ್ಷಕರಿಗೆ ಇದು ಹೊಸದೇನಲ್ಲ.

ಕನ್ನಡ ಬಳಸಬಹುದಾ?

ಬಳಸಬಹುದು. ಅಪಾಯ, ಭಾವನೆ, ಆಟದ ನಿಯಮ ಇವನ್ನ ಕನ್ನಡದಲ್ಲಿ ಒಮ್ಮೆ ಹೇಳಿದ್ರೆ ಹತ್ತು ನಿಮಿಷ ಉಳೀತದೆ. ಆದ್ರೆ ಪ್ರತಿ ಇಂಗ್ಲಿಷ್ ವಾಕ್ಯದ ಹಿಂದೆಯೇ ಕನ್ನಡ ಅರ್ಥ ಹೇಳ್ತಾ ಹೋದ್ರೆ ಮಗು ಇಂಗ್ಲಿಷ್ ಕೇಳೋದನ್ನೇ ಬಿಡ್ತದೆ, ಅರ್ಥ ಹೆಂಗೂ ಬರ್ತದಲ್ಲ ಅಂತ ಕಾಯ್ತದೆ. ಕನ್ನಡದಲ್ಲಿ ಮಾತಾಡಿದ್ರೆ ದಂಡ ಹಾಕೋದಂತೂ ಬೇಡವೇ ಬೇಡ. ಅದರಿಂದ ಇಂಗ್ಲಿಷ್ ಬರೋದಿಲ್ಲ, ಬಾಯಿ ಮುಚ್ಚೋದು ಮಾತ್ರ ಬರ್ತದೆ.

ತಪ್ಪು ತಿದ್ದೋದು ಹೆಂಗೆ?

ಮಗು "ಹಿ ಗೋ ಮಾರ್ಕೆಟ್" ಅಂದಾಗ "ತಪ್ಪು, ಕೂಡು" ಅನ್ನಬೇಡಿ. "ಯೆಸ್, ಹಿ ಗೋಸ್ ಟು ದ ಮಾರ್ಕೆಟ್. ವೆನ್?" ಅಂತ ಸರಿ ರೂಪ ಹೇಳಿ ಮಾತು ಮುಂದುವರಿಸಿ. ಮಗುವಿನ ಕಿವಿಗೆ ಸರಿ ವಾಕ್ಯ ಬಿತ್ತು, ಮಾನವೂ ಉಳೀತು. ಬರವಣಿಗೆಯಲ್ಲಿ ಎಲ್ಲ ತಪ್ಪಿಗೂ ಕೆಂಪು ಗೆರೆ ಬೇಡ. ಈ ವಾರ ಕ್ರಿಯಾಪದದ ಜಾಗ ಮಾತ್ರ, ಮುಂದಿನ ವಾರ "ಎ" ಮತ್ತು "ದ" ಮಾತ್ರ, ಹೀಗೆ ಒಂದೊಂದೇ ತಿದ್ದಿ.

ಮಾಸ್ತರರಿಗೇ ಇಂಗ್ಲಿಷ್ ಅಂಜಿಕೆ ಇದ್ರೆ?

ಇದು ಮುಚ್ಚಿಡೋ ವಿಷಯ ಅಲ್ಲ. ಕನ್ನಡ ಮಾಧ್ಯಮದಲ್ಲೇ ಓದಿ ಬಂದವರು ಇಂಗ್ಲಿಷ್ ಕಲಿಸಬೇಕಾಗಿ ಬಂದಿದೆ. ಮೇಲಿನ ಉಪಾಯಗಳಲ್ಲಿ ದೊಡ್ಡ ಭಾಷಣದ ಅಗತ್ಯ ಇಲ್ಲ. ದಿನಕ್ಕೆ ಬೇಕಾಗೋದು 20–25 ವಾಕ್ಯ, ಹಿಂದಿನ ರಾತ್ರಿ ಬರಕೊಂಡು ನಾಲ್ಕು ಸಲ ಜೋರಾಗಿ ಓದಿದ್ರೆ ಸಾಕು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದೀಕ್ಷಾ ಆ್ಯಪ್‌ನಲ್ಲಿ ಪಾಠದ ಸಾಮಗ್ರಿ ಸಿಗ್ತದೆ. ಹೆಚ್ಚಿನ ತರಬೇತಿಗೆ ವಿಜಯಪುರದ ಡಯಟ್ ಇದೆ. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ದಕ್ಷಿಣ ರಾಜ್ಯಗಳ ಸರ್ಕಾರಿ ಶಿಕ್ಷಕರಿಗೆ ತರಬೇತಿ ಕೊಡ್ತದೆ. ಹೋಗಬೇಕು ಅನ್ನೋರು ತಮ್ಮ ಸಿಆರ್‌ಪಿ ಅಥವಾ ಬಿಇಒ ಕಚೇರಿಯಲ್ಲಿ ವಿಚಾರಿಸಬೇಕು.

ಅಂಗಡಿಯವರು, ಪಾಲಕರು ಏನು ಮಾಡಬಹುದು?

- ಕಿರಾಣಿ, ಬೇಕರಿಯವರು ಖಾಲಿ ಪ್ಯಾಕೆಟ್, ಹಳೇ ಕ್ಯಾಲೆಂಡರ್, ಬೆಲೆ ಪಟ್ಟಿ ಎತ್ತಿಟ್ಟು ಹತ್ತಿರದ ಸಾಲಿಗೆ ಕೊಡಬಹುದು.
- ಕೃಷಿ ಔಷಧ ಅಂಗಡಿಯವರು ಡಬ್ಬಿ ಜೊತೆ ಬರೋ ಮಾಹಿತಿ ಹಾಳೆಯ ಝೆರಾಕ್ಸ್ ಕೊಡಬಹುದು.
- ಮೆಡಿಕಲ್ ಅಂಗಡಿಯವರು ಎಕ್ಸ್‌ಪೈರಿ ತಾರೀಖು ಎಲ್ಲಿರ್ತದೆ, ಕೆಲವು ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆ ಅಂದ್ರೆ ವೈದ್ಯರ ಚೀಟಿ ಇಲ್ಲದೆ ತಗೊಳ್ಳಬಾರದು ಅಂತ ಮಕ್ಕಳಿಗೆ ತೋರಿಸಬಹುದು.
- ಅಂಗಡಿಗೆ ಬಂದ ಮಗುವಿಗೆ "ಇದರ ರೇಟ್ ಓದಿ ಹೇಳು" ಅನ್ನಿ. ಓದಿದ್ರೆ "ಶಾಬಾಸ್" ಅನ್ನಿ. ದಿನಾ ಅರ್ಧ ನಿಮಿಷದ ಪಾಠ ಅದು.
- ಇಂಗ್ಲಿಷ್ ಬಾರದ ಪಾಲಕರೂ ಮಗುವಿಗೆ ಕಲಿಸಬಹುದು. "ಇವತ್ತು ಕಲಿತ ಒಂದು ವಾಕ್ಯ ಹೇಳು, ಅದರ ಅರ್ಥ ನನಗೆ ತಿಳಿಸು" ಅಂತ ಕೇಳಿದ್ರೆ ಮಗು ತಾನೇ ಮಾಸ್ತರ್ ಆಗ್ತದೆ.
- ಎಸ್‌ಡಿಎಂಸಿ ಸಭೆಯಲ್ಲಿ ಕಟ್ಟಡ, ಬಿಸಿಯೂಟದ ಜೊತೆ "ಮಕ್ಕಳು ಇಂಗ್ಲಿಷ್ ಎಷ್ಟು ಓದ್ತಾರೆ" ಅನ್ನೋದನ್ನೂ ಕೇಳಿ.

ಬಂತೋ ಇಲ್ಲೋ ನೋಡೋದು ಹೆಂಗೆ?

ತಿಂಗಳಿಗೊಮ್ಮೆ ಪ್ರತಿ ಮಗುವಿಗೆ ಮೂರೇ ಪರೀಕ್ಷೆ. ಒಂದು, ಮೊದಲು ನೋಡಿರದ ಪ್ಯಾಕೆಟ್ ಅಥವಾ ಬೋರ್ಡ್ ಕೊಟ್ಟು ಎರಡು ವಿಷಯ ಹುಡುಕಿಸೋದು. ಎರಡು, ಗೆಳೆಯನಿಗೆ ಇಂಗ್ಲಿಷ್‌ನಲ್ಲಿ ಒಂದು ಪ್ರಶ್ನೆ ಕೇಳಿಸೋದು. ಮೂರು, ತನ್ನ ಬಗ್ಗೆ ಮೂರು ವಾಕ್ಯ ಬರೆಸೋದು. ಹೆಸರಿನ ಮುಂದೆ ಸರಿ ಗುರುತು ಹಾಕ್ತಾ ಹೋದ್ರೆ ಯಾರು ಎಲ್ಲಿ ನಿಂತಿದ್ದಾರೆ ಅಂತ ಮೂರು ತಿಂಗಳಲ್ಲಿ ಸ್ಪಷ್ಟ ಆಗ್ತದೆ.

ಪರೀಕ್ಷೆಯಲ್ಲಿ ಬರೆದ ಉತ್ತರ ಮುಂದಿನ ವರ್ಷ ಮರೀಬಹುದು. ಡಬ್ಬಿ ಮೇಲಿನ "ಪಾಯ್ಸನ್" ಓದಿ "ಅಪ್ಪಾ, ಕೈಗೆ ಗ್ಲೌಸ್ ಹಾಕ್ಕೋ" ಅಂದ ಮಗು ಮರೆಯೋದಿಲ್ಲ, ಆ ಅಪ್ಪನೂ ಮರೆಯೋದಿಲ್ಲ.